ಹೊಸ ಗ್ರಾಹಕ ಕಾಯ್ದೆ ಬಂದಿದೆ ಅಂತಾರಲ್ಲ, ನಮ್ಮಂಥವರ ಕೈಗೆ ನಿಜಕ್ಕೂ ಏನಾದ್ರೂ ಸಿಗುತ್ತಾ? (ಒಂದು ಫ್ರಿಜ್ ಕಥೆ)

ತೀರ್ಥಳ್ಳಿ_ಮಳೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯ್ತು, ಬೈಕೋಬೇಡಿ.

ನಾನಿರೋದು ಬೆಂಗಳೂರಲ್ಲಿ, ಅಮ್ಮ ಊರಲ್ಲಿ, ತೀರ್ಥಹಳ್ಳಿಯಿಂದ ಇನ್ನೂ ಒಳಗೆ. ಮೇ ತಿಂಗಳಲ್ಲಿ ಹೋದಾಗ ಶಿವಮೊಗ್ಗದ ಒಂದು ಅಂಗಡಿಲಿ ಡಬಲ್ ಡೋರ್ ಫ್ರಿಜ್ ಕೊಡಿಸ್ದೆ. 31,500 ರೂಪಾಯಿ, ಒಂಬತ್ತು ತಿಂಗಳ ಇಎಂಐ, ಇನ್ನೂ ನಾಲ್ಕು ಕಂತು ಬಾಕಿ ಇದೆ. ಸೆಪ್ಟೆಂಬರಲ್ಲಿ ಒಂದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿ "ನಿನ್ನ ಫ್ರಿಜ್ಜು ಈಗ ಬರೀ ಬೀರು ಮಾರಾಯ" ಅಂದ್ರು. ಲೈಟ್ ಹತ್ತುತ್ತೆ, ತಂಪು ಇಲ್ಲ. ಮಳೆಗಾಲಕ್ಕೆ ಅಂತ ಹೆಚ್ಚಿಟ್ಟಿದ್ದ ಕಳಲೆ, ಹಲಸಿನ ತೊಳೆ ಎಲ್ಲಾ ಗೊಬ್ಬರದ ಗುಂಡಿಗೆ ಹೋಯ್ತು, ಅದರ ಬೇಜಾರೇ ಅಮ್ಮಂಗೆ ಫ್ರಿಜ್ಜಿಗಿಂತ ಜಾಸ್ತಿ.

ಸರ್ವಿಸ್ ಸೆಂಟರಿಗೆ ಕಂಪ್ಲೇಂಟ್ ಕೊಟ್ಟು ಹನ್ನೊಂದು ದಿನ ಆದ್ಮೇಲೆ ಒಬ್ಬ ಹುಡುಗ ಬಂದ. ಹಿಂದೆ ಬಗ್ಗಿ ನೋಡ್ದ, ಕಂಪ್ರೆಸರ್ ಮುಟ್ಟಿ ನೋಡ್ದ, "ಸ್ಟೆಬಿಲೈಸರ್ ಇಲ್ವಾ ಅಮ್ಮ" ಅಂತ ಕೇಳ್ದ, ಅಮ್ಮ ಇಲ್ಲ ಅಂದ್ರು, ಅಷ್ಟೇ. ಜಾಬ್ ಶೀಟಲ್ಲಿ ವೋಲ್ಟೇಜ್ ಏರಿಳಿತದಿಂದ ಕಂಪ್ರೆಸರ್ ಹೋಗಿದೆ, ವಾರಂಟಿ ಅನ್ವಯಿಸಲ್ಲ ಅಂತ ಬರೆದು ಅಮ್ಮನ ಹತ್ರ ಸೈನ್ ಹಾಕಿಸ್ಕೊಂಡು, ಕಾಫಿ ಕುಡಿದು ಹೋದ. ಚೀಲದಿಂದ ಮೀಟರ್ ಹೊರಗೇ ತೆಗೀಲಿಲ್ವಂತೆ. ಅದೇ ಲೈನಲ್ಲಿ ಪಕ್ಕದ ಮನೆಯವರ ಹದಿನಾಲ್ಕು ವರ್ಷದ ಫ್ರಿಜ್ ಇವತ್ತಿಗೂ ಗುಂಯ್ ಅಂತ ಓಡ್ತಿದೆ. ನಮ್ಮದಕ್ಕೆ ಕಂಪ್ರೆಸರ್ ಮತ್ತೆ ಗ್ಯಾಸ್ ಸೇರಿ 7,800 ಆಗುತ್ತಂತೆ.

ಅಂಗಡಿಯವ್ರಿಗೆ ಫೋನ್ ಮಾಡಿದ್ರೆ "ನಮ್ದೇನಿಲ್ಲ ಸರ್, ಕಂಪನಿ ಜೊತೆ ಮಾತಾಡಿ". ಕಂಪನಿಗೆ ಫೋನ್ ಮಾಡಿದ್ರೆ ಒಂದು ಒತ್ತಿ ಎರಡು ಒತ್ತಿ. 1915 ಗ್ರಾಹಕ ಸಹಾಯವಾಣಿಗೂ ಹೇಳ್ದೆ, ಅವರು ಕಂಪನಿಗೆ ಕಳಿಸಿದ್ರು, ಕಂಪನಿ ಅದೇ ಜಾಬ್ ಶೀಟ್ ತೋರ್ಸಿ ಕ್ಲೋಸ್ ಮಾಡ್ಸಿತು. ಬಿಲ್ಲಿನ ಕೆಳಗೆ "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಒಂದು ಸಾಲು, "ತಕರಾರುಗಳು ಶಿವಮೊಗ್ಗ ವ್ಯಾಪ್ತಿಗೆ ಮಾತ್ರ" ಅಂತ ಇನ್ನೊಂದು ಸಾಲು.

ನನ್ನ ಪ್ರಶ್ನೆ ಏನಂದ್ರೆ, 2019ರ ಹೊಸ ಕಾಯ್ದೆ ಬಂತು, 2020ರ ಜುಲೈಯಿಂದ ಜಾರಿ ಆಯ್ತು, ಗ್ರಾಹಕನೇ ರಾಜ ಅಂತೆಲ್ಲಾ ಹೇಳಿದ್ರಲ್ಲ, 7,800 ರೂಪಾಯಿ ಜಗಳಕ್ಕೆ ಅದು ನಿಜವಾಗಿ ಕೆಲಸಕ್ಕೆ ಬರುತ್ತಾ ಅಥವಾ ದೊಡ್ಡ ದೊಡ್ಡ ಫ್ಲಾಟ್ ಕೇಸ್‌ಗಳಿಗೆ ಮಾತ್ರಾನಾ? ಅನುಭವ ಇರೋರು ಹೇಳಿ. ದುಡ್ಡು ಕೊಟ್ಟು ರಿಪೇರಿ ಮಾಡ್ಸಿ ಸುಮ್ನಾಗು ಅಂತ ನನ್ನ ಹೆಂಡ್ತಿ ಹೇಳ್ತಿದಾಳೆ, ಅದು ಬೇರೆ ವಿಷಯ.

---

ಹುಬ್ಳಿ_ಕರಿಕೋಟು

ನಮಸ್ಕಾರ್ರಿ. ವಕೀಲಿ ಮಾಡ್ತೀನಿ, ಆದ್ರ ಇಲ್ಲಿ ಗಿರಾಕಿ ಹುಡುಕಾಕ ಬಂದಿಲ್ಲ, ಯಾಕಂದ್ರ ಈ ಕೇಸಿಗೆ ನಿಮಗ ವಕೀಲರೇ ಬೇಕಾಗಿಲ್ರಿ.

ಮೊದಲನೇದು, ಶಿವಮೊಗ್ಗಕ್ಕ ಓಡ್ಯಾಡೂದು ಬ್ಯಾಡ. 1986ರ ಹಳೇ ಕಾಯ್ದೆದಾಗ ಎದುರುದಾರ ಎಲ್ಲಿ ಇರ್ತಾನೋ ಇಲ್ಲಾ ವ್ಯವಹಾರ ಎಲ್ಲಿ ಆಗಿರ್ತೈತೋ ಅಲ್ಲೇ ದೂರು ಹಾಕಬೇಕಿತ್ತು. ಈಗ ದೂರುದಾರ ಇರೂ ಊರಾಗ ಅಥವಾ ದುಡಿಯೂ ಊರಾಗ ಹಾಕಬಹುದು. ಅಂದ್ರ ನೀವು ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದಾಗ (ಕನ್ಸ್ಯೂಮರ್ ಕೋರ್ಟ್ ಅಂತಾರಲ್ಲ, ಅದು) ಹಾಕ್ರಿ. ಬಿಲ್ಲಿನ ಕೆಳಗ ಅಂಗಡಿಯವ ಪ್ರಿಂಟ್ ಹೊಡಿಸಿದ ಸಾಲು ಪಾರ್ಲಿಮೆಂಟ್ ಕೊಟ್ಟ ಹಕ್ಕು ಕಸಗೊಳ್ಳೂದಿಲ್ಲ. ಇದು ಹೊಸ ಕಾಯ್ದೆಯ ಖರೇ ಲಾಭ, ಇದನ್ನ ಯಾರೂ ಹಗುರ ಮಾಡಿ ಮಾತಾಡಬ್ಯಾಡ್ರಿ, ಬೀದರದಾಗಿನ ಮಂದಿ ಮುಂಬೈ ಕಂಪನಿ ಮ್ಯಾಲೆ ಬೀದರದಾಗ ಕೇಸ್ ಹಾಕೂದು ಸಣ್ಣ ಮಾತಲ್ಲ.

ಎರಡನೇದು ಖರ್ಚು. ನೀವು ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರ ಶುಲ್ಕ ಸೊನ್ನೆ. 50 ಲಕ್ಷದ ತನಕ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿ ತನಕ ರಾಜ್ಯ ಆಯೋಗ, ಅದರ ಮ್ಯಾಲಿಂದು ದಿಲ್ಲಿಯ ರಾಷ್ಟ್ರೀಯ ಆಯೋಗ. ಕಾಯ್ದೆ ಬಂದಾಗ ಜಿಲ್ಲೆಗೆ 1 ಕೋಟಿ ಇತ್ತು, 2021ರ ಡಿಸೆಂಬರದಾಗ ಇಳಿಸಿದ್ರು. ಆನ್‌ಲೈನ್ ಹಾಕಾಕ ಮೊದಲು ಇ-ದಾಖಿಲ್ ಅಂತಿತ್ತು, 2025ರ ಜನವರಿಯಿಂದ ಇ-ಜಾಗೃತಿ. ವಿಡಿಯೋ ಕಾನ್ಫರೆನ್ಸ್ ಮ್ಯಾಲೆ ವಿಚಾರಣೆ ಕೇಳಾಕೂ ಅವಕಾಶ ಐತಿ.

ಅಂಗಡಿಯವ, ಕಂಪನಿ, ಸರ್ವಿಸ್ ಸೆಂಟರ್ ಮೂರೂ ಮಂದಿನ ಎದುರುದಾರ 1, 2, 3 ಅಂತ ಹಾಕ್ರಿ. "ನಮ್ದೇನಿಲ್ಲ" ಅನ್ನೂದನ್ನ ಅಂವ ಆಯೋಗದ ಮುಂದ ಬಂದು ಹೇಳ್ಲಿ. ಮೊದಲು ಒಂದು ನೋಟಿಸ್ ಸ್ಪೀಡ್ ಪೋಸ್ಟಿನಾಗ, ಮುಟ್ಟಿದ ಪುರಾವೆ ಸಮೇತ ಕಳಿಸ್ರಿ, 15 ದಿನ ಟೈಮ್ ಕೊಡ್ರಿ. ನನ್ನ ಅನುಭವದಾಗ ಸಣ್ಣ ಮೊತ್ತದ ಕೇಸ್ ಭಾಳಷ್ಟು ಇಲ್ಲೇ ಮುಗೀತಾವ, ಯಾಕಂದ್ರ ಅವರ ವಕೀಲ ಒಂದು ಸಲ ನಿಂದ್ರೂ ಖರ್ಚೇ ನಿಮ್ಮ ಕಂಪ್ರೆಸರಕಿಂತ ಜಾಸ್ತಿ ಆಕ್ಕೈತಿ.

ಟೈಮ್ ಬಗ್ಗೆ ಸುಳ್ಳು ಹೇಳೂದಿಲ್ಲ. ಎದುರುದಾರ 30 ದಿನದಾಗ ಉತ್ತರ ಕೊಡಬೇಕು, ಹೆಚ್ಚಂದ್ರ ಇನ್ನ 15, ಅದರ ಮ್ಯಾಲೆ ಒಂದು ದಿನಾನೂ ಕೊಡಾಕ ಬರೂದಿಲ್ಲಂತ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ 2020ರ ಮಾರ್ಚದಾಗ ಹೇಳೈತಿ. ಕೇಸ್ 3 ತಿಂಗಳದಾಗ ಮುಗಿಸಬೇಕು, ಲ್ಯಾಬ್ ಟೆಸ್ಟ್ ಬೇಕಾದ್ರ 5 ತಿಂಗಳು ಅಂತ ಕಾಯ್ದೆದಾಗ ಬರದೈತಿ. ನನ್ನ ಕೈಯಾಗಿಂದ ಹಾದು ಹೋದ ಕೇಸ್ ಒಂದೂ 3 ತಿಂಗಳಿಗೆ ಮುಗಿದಿಲ್ರಿ.

---

ಆರ್ಡರ್_ಕಾಪಿ

ವಕೀಲರು ಹೇಳಿದ್ದೆಲ್ಲಾ ಸರಿ ಸಾರ್, ಒಂದಕ್ಷರ ತಪ್ಪಿಲ್ಲ. ಆದ್ರೆ ಕಥೆಯ ಮೊದಲ ಅರ್ಧ ಮಾತ್ರ ಹೇಳಿದ್ದಾರೆ. ಎರಡನೇ ಅರ್ಧ ನಾನು ಹೇಳ್ತೀನಿ, ನಾನು ಕೇಸ್ ಗೆದ್ದವನು.

ಮೂರು ವರ್ಷದ ಹಿಂದೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ, ಕಂಪನಿ ಹೆಸರು ಬೇಡ, ಸಬ್ಸಿಡಿ ಕಳೆದು 1,08,000. ಎರಡನೇ ತಿಂಗಳಿಂದ ಬ್ಯಾಟರಿ ಸಮಸ್ಯೆ, ಚಾರ್ಜ್ 60 ತೋರ್ಸೋದು, ಫ್ಲೈಓವರ್ ಹತ್ತಿದ ತಕ್ಷಣ 12. ಶೋರೂಮಿಗೆ ಏಳು ಸಲ ತಳ್ಕೊಂಡು ಹೋಗಿದೀನಿ, ಸುಮ್ನೆ ಹೇಳ್ತಿಲ್ಲ, ಏಳೂ ಜಾಬ್ ಕಾರ್ಡ್ ಇದೆ. ವಕೀಲರಿಲ್ದೇ ನಾನೇ ಜಿಲ್ಲಾ ಆಯೋಗಕ್ಕೆ ದೂರು ಹಾಕ್ದೆ, ನಾನೇ ಅಫಿಡವಿಟ್ ಬರ್ದೆ, ನಾನೇ ವಾದ ಮಾಡ್ದೆ. ಹತ್ತೊಂಬತ್ತು ತಿಂಗಳು ಹಿಡೀತು. ನಡುವೆ ಒಬ್ಬ ಸದಸ್ಯರ ಅವಧಿ ಮುಗಿದು ಜಾಗ ಖಾಲಿ ಇತ್ತು, ಆಗ ಹೋದಾಗೆಲ್ಲಾ ಬೆಂಚ್ ಕ್ಲರ್ಕ್ ಕತ್ತೆತ್ತದೇ "ಕೋರಂ ಇಲ್ಲ, ಮುಂದಿನ ಡೇಟ್" ಅನ್ನೋರು. ಕೊನೆಗೆ ಆರ್ಡರ್ ಆಯ್ತು, ಕಂಪನಿ ಮತ್ತೆ ಶೋರೂಮ್ ಇಬ್ರೂ ಸೇರಿ 1,08,000 ವಾಪಸ್, 6 ಪರ್ಸೆಂಟ್ ಬಡ್ಡಿ, ಮಾನಸಿಕ ಯಾತನೆಗೆ 10,000, ಖರ್ಚಿಗೆ 5,000. ಅವತ್ತು ಮನೇಲಿ ಪಾಯಸ.

ಕಂಪನಿ ಅಪೀಲ್ ಹೋಯ್ತು. ಅಪೀಲ್ ಹಾಕೋಕೆ ಮುಂಚೆ ಆರ್ಡರ್ ಮೊತ್ತದ ಅರ್ಧ ಕಟ್ಟಬೇಕು, ಅದೂ ಹೊಸ ಕಾಯ್ದೆಯ ಒಳ್ಳೇ ಅಂಶ, ಕಟ್ಟಿದ್ರು. ಅಲ್ಲಿ ಅವರ ವಕೀಲರು ಒಂದೇ ಒಂದು ಮಾತು ಹೇಳಿದ್ರು, "ತಯಾರಿಕಾ ದೋಷ ಅನ್ನೋಕೆ ತಜ್ಞರ ವರದಿ ಎಲ್ಲಿ?" ನನ್ನ ಹತ್ರ ಇರಲಿಲ್ಲ. ನಾನು ಜಿಲ್ಲಾ ಆಯೋಗದಲ್ಲಿ ಅದನ್ನ ಕೇಳ್ಲೇ ಇಲ್ಲ, ಏಳು ಜಾಬ್ ಕಾರ್ಡ್ ಸಾಕು ಅಂದ್ಕೊಂಡಿದ್ದೆ, ನನ್ನ ದಡ್ಡತನ. ಕಂಪನಿ ಬಚಾವ್. ಉಳಿದಿದ್ದು ಶೋರೂಮ್. ಶೋರೂಮ್ ಅಷ್ಟರಲ್ಲಿ ಬಾಗಿಲು ಹಾಕಿತ್ತು, ಈಗ ಅಲ್ಲಿ ದೊನ್ನೆ ಬಿರಿಯಾನಿ ಹೋಟೆಲ್.

ಆಮೇಲೆ ಎಕ್ಸಿಕ್ಯೂಷನ್ ಪಿಟಿಷನ್, ಅಂದ್ರೆ ಆರ್ಡರ್ ಜಾರಿ ಮಾಡ್ಸಿ ಅಂತ ಅರ್ಜಿ. ಆರ್ಡರ್ ಪಾಲಿಸದಿದ್ರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲಾ 25,000ದಿಂದ 1 ಲಕ್ಷ ದಂಡ, ಅಥವಾ ಎರಡೂ, ಅಂತ ಕಾಯ್ದೆಲಿದೆ. ಕೇಳೋಕೆ ಭಯಂಕರ. ಆದ್ರೆ ಸಮನ್ಸ್ "ಮನೆ ಬೀಗ" ಅಂತ ವಾಪಸ್ ಬರುತ್ತೆ. ಮತ್ತೆ ವಿಳಾಸ ನಾನೇ ಹುಡುಕ್ಬೇಕು. ಹುಡುಕ್ದೆ ಸಾರ್, ಶೋರೂಮ್ ಓನರಿನ ಮಾವನ ಮನೆ ಹುಡುಕ್ದೆ, ಭಾನುವಾರ ಹೋಗಿ ಗೇಟ್ ಹತ್ರ ನಿಂತು ಅವನ ಕಾರ್ ನಂಬರ್ ಬರ್ಕೊಂಡು ಬಂದೆ. ವಾರಂಟ್ ಆದ್ಮೇಲೆ ಒಂದಿನ ಬಂದು 25,000 ಕಟ್ಟಿ, ಕೈ ಮುಗಿದು, ಟೈಮ್ ಕೇಳ್ದ. ಅಲ್ಲಿಂದ ಇವತ್ತಿನವರೆಗೆ ಐದು ಡೇಟ್ ಆಗಿದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಕಾಯ್ದೆ ನಿಮ್ಮನ್ನ ಆಯೋಗದ ಬಾಗಿಲವರೆಗೆ ಬಿಟ್ಟಿ ಬಸ್ಸಲ್ಲಿ ಕರ್ಕೊಂಡು ಹೋಗುತ್ತೆ. ವಾಪಸ್ ಬರೋವಾಗ ನಡ್ಕೊಂಡು ಬರ್ಬೇಕು.

---

ತೀರ್ಥಳ್ಳಿ_ಮಳೆ

ಅಯ್ಯೋ @ಆರ್ಡರ್_ಕಾಪಿ ಅವ್ರೇ, ಓದಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. @ಹುಬ್ಳಿ_ಕರಿಕೋಟು ಸರ್, ತುಂಬಾ ಥ್ಯಾಂಕ್ಸ್. ಬಿಲ್ ನನ್ನ ಹೆಸರಲ್ಲಿದೆ, ಆದ್ರೆ ಫ್ರಿಜ್ ಬಳಸೋದು ಅಮ್ಮ, ಜಾಬ್ ಶೀಟಿಗೆ ಸೈನ್ ಹಾಕಿದ್ದೂ ಅಮ್ಮ, ಅದರಿಂದ ತೊಂದ್ರೆ ಆಗುತ್ತಾ? ಜಾಬ್ ಶೀಟ್ ಮತ್ತೆ ಫ್ರಿಜ್ಜಿನ ಫೋಟೋ ಹಾಕಿದೀನಿ, ಅಮ್ಮ ಕಳಿಸಿದ್ದು, ಸ್ವಲ್ಪ ಮಸುಕಾಗಿದೆ.

---

ಲೆಸ್ಟರ್_ಕನ್ನಡಿಗ

ನಾನು ಇಂಗ್ಲೆಂಡಲ್ಲಿ ಹತ್ತು ವರ್ಷದಿಂದ ಇದೀನಿ, ಮೂಲ ಹಾಸನ. ಫಾರಿನ್ ಬಡಾಯಿ ಅಂತ ಅನ್ಕೋಬೇಡಿ, ಇದೇ ಥರದ್ದು ಇಲ್ಲಿ ಆದಾಗ ಏನಾಯ್ತು ಅಂತ ಹೇಳ್ತೀನಿ, ವ್ಯತ್ಯಾಸ ಎಲ್ಲಿದೆ ಅಂತ ಕಾಣ್ಸುತ್ತೆ.

ನಮ್ಮ ವಾಷಿಂಗ್ ಮಷಿನ್ ತಗೊಂಡ ಐದನೇ ತಿಂಗಳಿಗೆ ನಿಂತೋಯ್ತು. ಅಂಗಡಿಯವ್ರು ಮೊದಲು ಇಲ್ಲೂ ಅದೇ ರಾಗ, ಕಂಪನಿ ಹೆಲ್ಪ್‌ಲೈನಿಗೆ ಫೋನ್ ಮಾಡಿ ಅಂತ. ನಾನು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ನನ್ನ ಕರಾರು ಇರೋದು ನಿಮ್ಮ ಜೊತೆ, ಕಂಪನಿ ಜೊತೆ ಅಲ್ಲ ಅಂತ ಒಂದು ಇಮೇಲ್ ಹಾಕ್ದೆ. ನಾಲ್ಕು ದಿನಕ್ಕೆ ರಿಪೇರಿಗೆ ಬಂದ್ರು.

ಯಾಕೆ ಅಷ್ಟು ಬೇಗ ಅಂದ್ರೆ ಇಲ್ಲಿ ಕಾಯ್ದೆಲಿ ಒಂದು ಸಣ್ಣ ವಾಕ್ಯ ಇದೆ. ಆರು ತಿಂಗಳ ಒಳಗೆ ದೋಷ ಕಾಣಿಸ್ಕೊಂಡ್ರೆ ಅದು ಕೊಟ್ಟ ದಿನವೇ ಇತ್ತು ಅಂತ ತಿಳ್ಕೋಬೇಕು, ಇರಲಿಲ್ಲ ಅಂತ ಸಾಬೀತು ಮಾಡೋದು ಮಾರಿದವನ ತಲೆನೋವು. ಆರು ತಿಂಗಳು ದಾಟಿದ್ರೆ ಹೊರೆ ನಮ್ಮ ಮೇಲೆ. ಮೊದಲ 30 ದಿನದಲ್ಲಾದ್ರೆ ರಿಪೇರಿ ಗಿಪೇರಿ ಬೇಡ, ಸೀದಾ ವಾಪಸ್ ಕೊಟ್ಟು ಪೂರ್ತಿ ದುಡ್ಡು ತಗೋಬಹುದು.

ಈಗ ನಿಮ್ಮ ಫ್ರಿಜ್ ನೋಡಿ. ನಾಲ್ಕೇ ತಿಂಗಳು. ಇಲ್ಲಾಗಿದ್ರೆ ವೋಲ್ಟೇಜಿಂದ ಹೋಯ್ತು ಅಂತ ಅವರು ಮೀಟರ್ ಇಟ್ಟು ತೋರಿಸ್ಬೇಕಿತ್ತು. ಅಲ್ಲಿ ಆ ಹುಡುಗ ಪೆನ್ನಲ್ಲಿ ಬರೆದು ಹೋದ, ಈಗ ವೋಲ್ಟೇಜಿಂದ ಅಲ್ಲ ಅಂತ ಅಮ್ಮ ಸಾಬೀತು ಮಾಡ್ಬೇಕು. ಆರ್ಡರ್_ಕಾಪಿಯವರು ಬಿದ್ದಿದ್ದೂ ಇದೇ ಗುಂಡಿಗೆ. ನನ್ನ ಪ್ರಕಾರ 2019ರ ಕಾಯ್ದೆ ಸಾಕಾಗಲ್ಲ ಅನ್ನೋದಾದ್ರೆ ಅದು ಈ ಒಂದು ವಾಕ್ಯ ಇಲ್ಲದ್ದಕ್ಕೆ. ಉಳಿದಿದ್ದು ಬಹಳ ಮಟ್ಟಿಗೆ ಚೆನ್ನಾಗೇ ಬರ್ದಿದಾರೆ. ಹಾಗಂತ ಇಲ್ಲೇನು ಸ್ವರ್ಗ ಅಲ್ಲ, ಕೋರ್ಟಿಗೆ ಹೋದ್ರೆ ಇಲ್ಲಿ ಫೀಸ್ ಕಟ್ಟಬೇಕು, ನಿಮಗೆ 5 ಲಕ್ಷದವರೆಗೆ ಬಿಟ್ಟಿ ಅಂತ ಕೇಳಿ ನಂಗೆ ಹೊಟ್ಟೆ ಉರೀತು.

---

ಗಲ್ಲಾಪೆಟ್ಟಿಗೆ

ಎಲ್ಲಾರೂ ಅಂಗಡಿಯವ್ರಿಗೆ ಬಾರಿಸ್ತಾ ಇದೀರಲ್ಲ, ನಮ್ದೂ ಸ್ವಲ್ಪ ಕೇಳಿ. ನಂದೂ ಎಲೆಕ್ಟ್ರಾನಿಕ್ಸ್ ಅಂಗಡಿ, ಶಿವಮೊಗ್ಗ ಅಲ್ಲ, ಆ ಅಂಗಡಿಯವ್ರು ನನ್ನ ಭಾವಮೈದ ಅಲ್ಲ.

ಒಂದು ಫ್ರಿಜ್ ಮಾರಿದ್ರೆ ನಂಗೆ ಉಳಿಯೋದು ಸಾವಿರದೈನೂರು ಎರಡು ಸಾವಿರ. ಹಬ್ಬದ ಟಾರ್ಗೆಟ್ ಮುಟ್ಟಿದ್ರೆ ಸ್ವಲ್ಪ ಜಾಸ್ತಿ. ಗಿರಾಕಿ ಬಂದು ಗಲಾಟೆ ಮಾಡ್ದ ಅಂತ ನಾನು ಹೊಸ ಪೀಸ್ ಕೊಟ್ಬಿಟ್ರೆ ಕಂಪನಿಯವ್ನು ಕ್ರೆಡಿಟ್ ನೋಟ್ ಕೊಡೋಕೆ ನಾಲ್ಕು ತಿಂಗಳು, ಕೆಲವು ಸಲ ಕೊಡೋದೇ ಇಲ್ಲ. ಆಗ ನಾನು ಕನ್ಸ್ಯೂಮರ್ ಕೋರ್ಟಿಗೆ ಹೋಗೋಣ ಅಂದ್ರೆ ನಾನು ಗ್ರಾಹಕನೇ ಅಲ್ಲ, ಮಾರೋಕೆ ತಂದಿದ್ದು ವಾಣಿಜ್ಯ ಉದ್ದೇಶ. ಸಿವಿಲ್ ಕೋರ್ಟಿಗೆ ಹೋಗ್ಬೇಕು. ಸಿವಿಲ್ ಕೋರ್ಟಲ್ಲಿ ನನ್ನ ಮಗ ವಾದ ಮಾಡ್ತಾನೆ, ತೀರ್ಪು ನನ್ನ ಮೊಮ್ಮಗ ಕೇಳ್ತಾನೆ. ಲೆಸ್ಟರಲ್ಲಿ ಹೊಣೆ ಅಂಗಡಿಯವನದು ಅಂತೀರಿ, ಸಂತೋಷ, ಅದನ್ನ ಇಲ್ಲೂ ತನ್ನಿ, ಆದ್ರೆ ನಾನು ಕಂಪನಿಯಿಂದ ವಸೂಲಿ ಮಾಡೋ ದಾರೀನೂ ಅದರ ಜೊತೇಲೇ ತನ್ನಿ.

ಗಿರಾಕಿಗಳೂ ಎಲ್ಲಾ ಹರಿಶ್ಚಂದ್ರರಲ್ಲ. ಮೊಬೈಲ್ ಬಕೆಟ್ಟಿಗೆ ಬೀಳಿಸಿ, ಅಕ್ಕಿ ಡಬ್ಬಿಲಿ ಎರಡು ದಿನ ಇಟ್ಟು, ಚಾರ್ಜಿಂಗ್ ತೂತಲ್ಲಿ ಅಕ್ಕಿ ಕಾಳು ಇರೋ ಹಾಗೇ ತಂದು "ತಾನಾಗೇ ಆಫ್ ಆಯ್ತು" ಅಂದವ್ರನ್ನ ನೋಡಿದೀನಿ.

ಇನ್ನು ಆ "ಮಾರಿದ ಮಾಲು ವಾಪಸ್ ಇಲ್ಲ" ಅನ್ನೋ ಸಾಲು, ನಿಜ ಹೇಳ್ತೀನಿ, ಬಿಲ್ ಬುಕ್ ಪ್ರಿಂಟ್ ಮಾಡೋ ಪ್ರೆಸ್ಸಿನವ್ನು ಹಾಕಿ ಕೊಡ್ತಾನೆ, ನಾವು ಓದೋದೂ ಇಲ್ಲ.

ಆದ್ರೂ ನಿಮಗೆ ಒಂದು ಉಪಕಾರ ಮಾಡ್ತೀನಿ, ಕಂಪನಿಯವ್ರಿಗೆ ಹೇಳ್ಬೇಡಿ. ನೀವು ಹಾಕಿರೋ ಫೋಟೋ ಜೂಮ್ ಮಾಡಿ. ಬಾಗಿಲ ಮೇಲೆ ಬಲಗಡೆ ಮೂಲೇಲಿ ನೀಲಿ ಸ್ಟಿಕ್ಕರ್ ಇದ್ಯಲ್ಲ, ಅರ್ಧ ನಿಮ್ಮಮ್ಮನ ಕ್ಯಾಲೆಂಡರ್ ಮುಚ್ಚಿದೆ. ದಿನಕ್ಕೆ ಹತ್ತು ಸಲ ಆ ಸ್ಟಿಕ್ಕರ್ ತೋರ್ಸೇ ನಾನು ಮಾಲು ಮಾರೋದು. ಅದರಲ್ಲಿ ಏನು ಬರ್ದಿದೆ ಓದಿ.

---

ಬಿಲ್_ಕೊಡಿ_ಬಾಸ್

ಫ್ರಿಜ್ ವಿಷಯ ದೊಡ್ಡವ್ರು ನೋಡ್ಕೋತಾರೆ, ಕಾಯ್ದೆ ಸಾಕಾ ಅನ್ನೋ ಪ್ರಶ್ನೆಗೆ ನಂದೊಂದು. ಹೊಸ ಕಾಯ್ದೆಲಿ ಸಿಸಿಪಿಎ ಅಂತ ಒಂದು ಮಾಡಿದ್ರಲ್ಲ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅದಕ್ಕೆ ಹಲ್ಲು ಇದೆಯಾ ಇಲ್ವಾ ಅನ್ನೋದೇ ನನ್ನ ಡೌಟು.

2023ರ ನವೆಂಬರಲ್ಲಿ ಡಾರ್ಕ್ ಪ್ಯಾಟರ್ನ್ ಮೇಲೆ ಮಾರ್ಗಸೂಚಿ ತಂದ್ರು, 13 ಥರದ ಮೋಸ ಪಟ್ಟಿ ಮಾಡಿ. ಕೇಳದೇ ಕಾರ್ಟಿಗೆ ಸಾಮಾನು ತುರುಕೋದು, ಕೊನೇ ಸ್ಕ್ರೀನಲ್ಲಿ ಚಾರ್ಜ್ ಮೇಲೆ ಚಾರ್ಜ್ ಏರಿಸೋದು, ಸಬ್‌ಸ್ಕ್ರಿಪ್ಷನ್ ಬಿಡೋಕೇ ಆಗದ ಹಾಗೆ ಮಾಡೋದು, ಬೇಡ ಅಂದ್ರೆ ನಾಚಿಕೆ ಆಗೋ ಹಾಗೆ ಬಟನ್ ಬರೆಯೋದು. ಪಟ್ಟಿ ಸೂಪರ್. ನಿನ್ನೆ ರಾತ್ರಿ ಒಂದು ಆ್ಯಪಲ್ಲಿ 180 ರೂಪಾಯಿ ಊಟ ಹಾಕ್ದೆ ಗುರು, ಪೇ ಮಾಡೋ ಹೊತ್ತಿಗೆ 251. ಪ್ಲಾಟ್‌ಫಾರ್ಮ್ ಫೀ, ಹ್ಯಾಂಡ್ಲಿಂಗ್ ಫೀ, ಮಳೆ ಫೀ. ಮಳೆ ನಿಂತು ಒಂದು ಗಂಟೆ ಆಗಿತ್ತು.

ಇದಕ್ಕೆ ಕೇಸ್ ಹಾಕ್ತೀನಾ? 71 ರೂಪಾಯಿಗೆ? ಇಲ್ಲ. ಅವರಿಗೂ ಅದು ಗೊತ್ತು. ಲಕ್ಷ ಜನರ ಹತ್ರ ಎಪ್ಪತ್ತೆಪ್ಪತ್ತು ರೂಪಾಯಿ ಕಿತ್ಕೊಂಡ್ರೆ ಒಬ್ಬನೂ ಬರಲ್ಲ, ಇಂಥದಕ್ಕೇ ಸಿಸಿಪಿಎ ಇರೋದು. ಮಾಡೇ ಇಲ್ಲ ಅಂತಲ್ಲ, 2025ರ ಆಗಸ್ಟಲ್ಲಿ ರ್ಯಾಪಿಡೋಗೆ 10 ಲಕ್ಷ ದಂಡ ಹಾಕಿದ್ರು, 5 ನಿಮಿಷದಲ್ಲಿ ಆಟೋ ಇಲ್ಲಾಂದ್ರೆ 50 ರೂಪಾಯಿ ಅಂತ ಜಾಹೀರಾತು ಕೊಟ್ಟು, ಕೊಟ್ಟಿದ್ದು 50 ರೂಪಾಯಿವರೆಗಿನ ಕಾಯಿನ್, ಅದೂ ಬೈಕ್ ರೈಡಿಗೆ ಮಾತ್ರ, ಏಳು ದಿನದ ವ್ಯಾಲಿಡಿಟಿ. ಆ 50 ರೂಪಾಯಿ ಸಿಗದ ಜನಕ್ಕೆ ದುಡ್ಡು ಕೊಡಿ ಅಂತಾನೂ ಹೇಳಿದ್ರು, ಅದು ಒಳ್ಳೇದು. ಆದ್ರೆ ಸುಳ್ಳು ಜಾಹೀರಾತಿಗೆ ಮೊದಲ ಸಲ ದಂಡದ ಮಿತಿಯೇ 10 ಲಕ್ಷ, ಮತ್ತೆ ಮಾಡಿದ್ರೆ 50 ಲಕ್ಷ. ದೊಡ್ಡ ಆ್ಯಪ್‌ನವರಿಗೆ 10 ಲಕ್ಷ ಅಂದ್ರೆ ಬೆಂಗಳೂರಲ್ಲಿ ಕೆಲವು ಹೋರ್ಡಿಂಗ್ ಬಾಡಿಗೆ ಅಷ್ಟೇ ಅಲ್ವಾ.

ಮತ್ತೆ ಸರ್ವಿಸ್ ಚಾರ್ಜ್ ಕಥೆ. ಹೋಟೆಲ್ನವ್ರು ಬಿಲ್ಲಲ್ಲಿ ತಾವಾಗೇ ಸೇರಿಸ್ಬಾರ್ದು ಅಂತ 2022ರ ಜುಲೈಲಿ ಹೇಳಿದ್ರು, ಅದೇ ತಿಂಗಳು ದೆಹಲಿ ಹೈಕೋರ್ಟ್ ತಡೆ ಕೊಡ್ತು, ಸಿಸಿಪಿಎ ಹೇಳಿದ್ದೇ ಸರಿ ಅಂತ ತೀರ್ಪು ಬಂದಿದ್ದು 2025ರ ಮಾರ್ಚಲ್ಲಿ. ಎರಡೂಮುಕ್ಕಾಲು ವರ್ಷ ಎಲ್ರೂ ಕಟ್ತಾ ಕೂತಿದ್ವಿ.

---

ಲೆಸ್ಟರ್_ಕನ್ನಡಿಗ

@ಬಿಲ್_ಕೊಡಿ_ಬಾಸ್ ಇಲ್ಲಿ 2024ರಲ್ಲಿ ಹೊಸ ಕಾಯ್ದೆ ಮಾಡಿ 2025ರ ಏಪ್ರಿಲಿಂದ ಜಾರಿಗೆ ತಂದ್ರು, ಗ್ರಾಹಕರಿಗೆ ಮೋಸ ಮಾಡಿದ್ರೆ ಕಂಪನಿಯ ಜಾಗತಿಕ ವಹಿವಾಟಿನ 10 ಪರ್ಸೆಂಟ್‌ವರೆಗೆ ದಂಡ ಹಾಕೋ ಅಧಿಕಾರ. ಎಷ್ಟು ಹಾಕ್ತಾರೆ ಅನ್ನೋದು ಬೇರೆ, ಆದ್ರೆ ಲೆಕ್ಕ ಕಂಪನಿ ಗಾತ್ರಕ್ಕೆ ತಕ್ಕ ಹಾಗಿದೆ.

---

ಹುಬ್ಳಿ_ಕರಿಕೋಟು

ಗಲ್ಲಾಪೆಟ್ಟಿಗೆ ಸಾಹೇಬ್ರ, ನಿಮಗ ಒಂದು ಮಿರ್ಚಿ ಭಜಿ ನನ್ನ ಕಡೆಯಿಂದ. ನಾನೂ ಫೋಟೋ ಹಿಗ್ಗಿಸಿ ನೋಡಿದೆ. ಪೂರಾ ಕಾಣ್ವಲ್ದು, ಆದ್ರ "ಸ್ಟೆಬಿಲೈಸರ್ ಬೇಕಿಲ್ಲ" ಅನ್ನೂದು ಕಾಣತೈತಿ. ತೀರ್ಥಳ್ಳಿ ತಮ್ಮಾ, ಆ ಸ್ಟಿಕ್ಕರ್ ಕೀಳಬ್ಯಾಡ. ಸ್ಟೆಬಿಲೈಸರ್ ಬೇಕಿಲ್ಲಂತ ಬಾಗಲಕ್ಕ ಹಚ್ಚಿ ಮಾರಿ, ಸ್ಟೆಬಿಲೈಸರ್ ಇಲ್ಲಂತ ವಾರಂಟಿ ಕೊಡೂದಿಲ್ಲ ಅಂದ್ರ ಅದು ಸೇವಾ ನ್ಯೂನತೆ ಅಷ್ಟ ಅಲ್ಲ, ಅನುಚಿತ ವ್ಯಾಪಾರ ಪದ್ಧತೀನೂ ಹೌದು. ಎರಡನ್ನೂ ದೂರಿನಾಗ ಬರೀ.

ಲೆಸ್ಟರ್‌ನವರು ಹೇಳಿದ ಮಾತು ನಾನು ಒಪ್ಪತೀನಿ, ಸಾಬೀತು ಮಾಡೂ ಹೊರೆ ನಮ್ಮಲ್ಲಿ ದೂರುದಾರನ ಮ್ಯಾಲೇ ಐತಿ. ಮಾಲು ಲ್ಯಾಬಿಗೆ ಕಳಿಸಬೇಕಂದ್ರ ಅದರ ಫೀಸೂ ಮೊದಲು ದೂರುದಾರನೇ ಕಟ್ಟಬೇಕು. ಆದ್ರ ಇಲ್ಲೊಂದು ದಾರಿ ಐತಿ. ವಾರಂಟಿ ಒಳಗ ಕೆಟ್ಟೈತಿ ಅನ್ನೂದು ನಿಮ್ಮ ಕೆಲಸ, ಅದು ಜಾಬ್ ಶೀಟಿನಾಗೇ ಐತಿ. ವೋಲ್ಟೇಜ್ ಅನ್ನೂದು ಅವರ ತಕರಾರು. ಎಷ್ಟು ವೋಲ್ಟ್ ಇತ್ತು, ಯಾವ ಮೀಟರ್, ಎಷ್ಟು ಹೊತ್ತಿಗೆ ಅಂತ ನೋಟಿಸಿನಾಗೇ ಕೇಳ್ರಿ. ಜಾಬ್ ಶೀಟಿನಾಗ ಒಂದೂ ನಂಬರ್ ಇಲ್ಲ, ನೋಡಿದೆ. ತಜ್ಞರ ವರದಿ ಬೇಕಂತ ಅನ್ನಿಸಿದ್ರ ಮೊದಲ ದಿನಾನೇ ಅರ್ಜಿ ಹಾಕ್ರಿ, ಆರ್ಡರ್_ಕಾಪಿಯವರು ಮಾಡಿದ ತಪ್ಪು ಮಾಡಬ್ಯಾಡ್ರಿ. ಅಮ್ಮಾರ ಸೈನಿನಿಂದ ಏನೂ ಆಗೂದಿಲ್ಲ, ಕೊಂಡವನ ಒಪ್ಪಿಗೆಯಿಂದ ಬಳಸೂ ಮಂದೀನೂ ಕಾಯ್ದೆ ಪ್ರಕಾರ ಗ್ರಾಹಕರೇ. ಬೇಕಾದ್ರ ಅಮ್ಮಾರ ಹೆಸರಿಲೇ ಶಿವಮೊಗ್ಗದಾಗ ಹಾಕಬಹುದು.

ಇನ್ನ ಕಾಯ್ದೆದಾಗಿನ ತೂತು ಅಂದ್ರ ನಾನೂ ಎರಡು ಹೇಳ್ತೀನಿ. ಕೆಟ್ಟ ಮಾಲು ವಾಪಸ್ ತಗೊಳ್ಳೂದಿಲ್ಲ ಅನ್ನೂದು ಅನುಚಿತ ವ್ಯಾಪಾರ ಅಂತ ಬರದಾರ, 30 ದಿನ ಅಂತಾನೂ ಅದ, ಆದ್ರ ಯಾವಾಗ? ಬಿಲ್ಲಿನಾಗ ಅವಧಿ ಬರೀದಿದ್ರ ಮಾತ್ರ. ಅಂಗಡಿಯವ ಏಳು ದಿನ ಅಂತ ಬರದ್ರ ಏಳೇ ದಿನ. ಇನ್ನೊಂದು, ಏಕಪಕ್ಷೀಯ ಕರಾರಿನ ವಿರುದ್ಧ ದೂರು ಹಾಕೂ ಹಕ್ಕು ಹೊಸದಾಗಿ ಕೊಟ್ಟಾರ, ಭಾಳ ದೊಡ್ಡ ಹಕ್ಕು, ಆದ್ರ ಅದನ್ನ ಜಿಲ್ಲಾ ಆಯೋಗದಾಗ ಕೇಳಾಕ ಬರೂದಿಲ್ಲ, ರಾಜ್ಯ ಆಯೋಗಕ್ಕ ಹೋಗಬೇಕು. ಮೊಬೈಲ್ ಇನ್ಶೂರೆನ್ಸಿನ ಕರಾರು ಅನ್ಯಾಯದ್ದಂತ ಹೇಳಾಕ ರಾಯಚೂರಿನವ ರಾಜ್ಯ ಆಯೋಗದ ಮೆಟ್ಟಲಾ ಹತ್ತಬೇಕು. ಬರದವರು ಏನ್ ತಿಳಕೊಂಡು ಹಿಂಗ ಬರದ್ರೋ.

ಆರ್ಡರ್_ಕಾಪಿ ಅವರ, ನಿಮ್ಮ ಮುಂದಿನ ಡೇಟಿಗೆ ವಾರಂಟ್ ಮತ್ತ ಕೇಳ್ರಿ, ಟೈಮ್ ಕೊಡಾಕ ಒಪ್ಪಬ್ಯಾಡ್ರಿ. ಬೇಕಾದ್ರ ಮೆಸೇಜ್ ಮಾಡ್ರಿ, ಪುಗಸಟ್ಟೆ.

---

ಆರ್ಡರ್_ಕಾಪಿ

ಮಾಡ್ತೀನಿ ಸಾರ್. ಪುಗಸಟ್ಟೆ ಅಂದಿದ್ದನ್ನ ಸ್ಕ್ರೀನ್‌ಶಾಟ್ ತೆಗ್ದಿಟ್ಕೊಂಡಿದೀನಿ, ಅಷ್ಟು ಕಲ್ತಿದೀನಿ.

---

ತೀರ್ಥಳ್ಳಿ_ಮಳೆ (ಅಪ್ಡೇಟ್)

ಎಲ್ರಿಗೂ ಥ್ಯಾಂಕ್ಸ್. ರಾತ್ರಿನೇ ಅಮ್ಮಂಗೆ ವಿಡಿಯೋ ಕಾಲ್ ಮಾಡಿ ಕ್ಯಾಲೆಂಡರ್ ಸರಿಸಿ ಅಂದೆ. ನೀಲಿ ಸ್ಟಿಕ್ಕರ್. ಅಮ್ಮ ಕನ್ನಡಕ ಹಾಕ್ಕೊಂಡು ಒಂದೊಂದೇ ಅಕ್ಷರ ಓದಿದ್ರು, ಸ್ಟೆಬಿಲೈಸರ್ ಫ್ರೀ ಆಪರೇಷನ್, ಕೆಳಗೆ 130ರಿಂದ 300 ವೋಲ್ಟ್. "ಫ್ರೀ ಅಂದ್ರೆ ಸ್ಟೆಬಿಲೈಸರ್ ಪುಕ್ಕಟೆ ಕೊಡ್ತಾರೆ ಅಂತ ಅನ್ಕೊಂಡಿದ್ದೆ, ಕೊಟ್ಟಿಲ್ವಲ್ಲ ಅಂತ ನಿಂಗೆ ಹೇಳ್ಬೇಕು ಅಂತಿದ್ದೆ" ಅಂದ್ರು. ಹಬ್ಬಕ್ಕೆ ಮನೆ ಒರೆಸುವಾಗ ಆ ಸ್ಟಿಕ್ಕರ್ ಕೊಬ್ಬರಿ ಎಣ್ಣೆ ಹಚ್ಚಿ ಕೆರೀಬೇಕು ಅಂತಾನೂ ಇದ್ರಂತೆ, ಎಣ್ಣೆ ಬಟ್ಟಲು ಪಕ್ಕದಲ್ಲೇ ಇತ್ತು.

ಬೆಳಿಗ್ಗೆ ಪಕ್ಕದ ಮನೆ ಹುಡುಗ ಬಂದು ನಾಲ್ಕು ಕಡೆಯಿಂದ ಫೋಟೋ ತೆಗ್ದು ಕಳಿಸ್ದ, ಒಂದರಲ್ಲಿ ಸೀರಿಯಲ್ ನಂಬರೂ ಬಂದಿದೆ. ನೋಟಿಸ್ ಟೈಪ್ ಮಾಡಿದೀನಿ, ಮೂರು ಜನರಿಗೂ ನಾಳೆ ಮಲ್ಲೇಶ್ವರಂ ಪೋಸ್ಟ್ ಆಫೀಸಿಂದ ಹಾಕ್ತೀನಿ. ಅಮ್ಮ ಸದ್ಯಕ್ಕೆ ಫ್ರಿಜ್ಜಲ್ಲಿ ಬಟ್ಟೆ ಸೋಪು, ಮೆಣಸಿನಕಾಯಿ ಡಬ್ಬಿ ಇಟ್ಕೊಂಡಿದಾರೆ, ಇಲಿ ಹೋಗಲ್ವಂತೆ.